ಕೊನೇ 15 ನಿಮಿಷ: ಮಂಡ್ಯದ ಒಂದು ಕಾಲೇಜು ಫುಟ್‌ಬಾಲ್ ತಂಡದ ಪ್ರಕರಣ

ಹಿನ್ನೆಲೆ

ಇದು ಮಂಡ್ಯ ನಗರದ ಒಂದು ಪದವಿ ಕಾಲೇಜಿನ ಫುಟ್‌ಬಾಲ್ ತಂಡದ ಒಂದು ಸೀಸನ್ನಿನ ವಿವರ. ಕಾಲೇಜಿನ ಹೆಸರು, ಇಸವಿ, ಎದುರಾಳಿ ತಂಡಗಳ ಹೆಸರು ಬಿಟ್ಟಿದ್ದೇನೆ. ಹುಡುಗರನ್ನು ಅವರು ಆಡುತ್ತಿದ್ದ ಜಾಗದ ಹೆಸರಿನಿಂದಲೇ ಕರೆಯುತ್ತೇನೆ. ಗುರುತು ಹತ್ತಬಾರದು ಅಂತ ಒಂದೆರಡು ಸಣ್ಣ ವಿಷಯ ಬದಲಿಸಿದ್ದೂ ಇದೆ. ನಾನು ಅಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವವನು. ತಂಡದ ಜೊತೆ ಒಬ್ಬ ಅಧ್ಯಾಪಕರು ಹೋಗಬೇಕು ಅಂದಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ನನ್ನ ಕಡೆ ನೋಡಿದರು. ನಾನು ಮ್ಯಾನೇಜರ್ ಆದದ್ದು ಹಾಗೆ.

ಮಂಡ್ಯ ಕಬಡ್ಡಿ ಸೀಮೆ. ಹಬ್ಬ, ಜಾತ್ರೆ ಬಂತೆಂದರೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಇರಲೇಬೇಕು. ಫುಟ್‌ಬಾಲ್ ಆಡುತ್ತೇವೆ ಅಂದರೆ ಊರಲ್ಲಿ ಸ್ವಲ್ಪ ಅನುಮಾನದಿಂದಲೇ ನೋಡುತ್ತಾರೆ. ನಮ್ಮ ಪಿ.ಡಿ. ಸರ್, ಅಂದರೆ ದೈಹಿಕ ಶಿಕ್ಷಣ ನಿರ್ದೇಶಕರು, ಅವರೂ ಹಳೇ ಕಬಡ್ಡಿ ಆಟಗಾರರೇ. ಫುಟ್‌ಬಾಲನ್ನು ಅವರು ಕಲಿತದ್ದು ತರಬೇತಿ ಕಾಲೇಜಿನಲ್ಲಿ, ಉಳಿದದ್ದನ್ನು ಟಿ.ವಿ. ನೋಡಿ. ಇದನ್ನು ಅವರೇ ನಗುತ್ತಾ ಹೇಳುತ್ತಿದ್ದರು. ಹುಡುಗರ ಮೇಲೆ ಅವರಿಗಿದ್ದ ಅಕ್ಕರೆ ಮಾತ್ರ ಸುಳ್ಳಲ್ಲ.

ತಂಡದಲ್ಲಿ 18 ಜನ. ನಾಲ್ವರು ಪಟ್ಟಣದವರು, ಮೂವರು ಹಾಸ್ಟೆಲ್ ಹುಡುಗರು. ಉಳಿದ 11 ಜನ ಮಳವಳ್ಳಿ, ಪಾಂಡವಪುರ, ಮದ್ದೂರು ಕಡೆಯ ಹಳ್ಳಿಗಳಿಂದ ದಿನಾ ಬಸ್ ಪಾಸಿನಲ್ಲಿ ಬಂದು ಹೋಗುವವರು. ಡಿಫೆನ್ಸಿನ ನಾಲ್ವರಲ್ಲಿ ಮೂವರು ಈ ಗುಂಪಿನವರೇ. ಈ ವಿಷಯ ಮುಂದೆ ಬೇಕಾಗುತ್ತದೆ.

ಅಭ್ಯಾಸದ ಜಾಗ ಕಾಲೇಜಿನ ಮೈದಾನ. ಅಳತೆ ಚಿಕ್ಕದು, ನಡುವೆ ಕ್ರಿಕೆಟ್ ಪಿಚ್, ಗೋಲ್ ಕಂಬಕ್ಕೆ ಬಲೆ ಇಲ್ಲ. ಅಲ್ಲಿ ಏಳೇಳು ಜನ ಮಾಡಿಕೊಂಡು ಆಡುತ್ತಿದ್ದರು. ವಾರಕ್ಕೊಂದು ಸಲ ಮಾತ್ರ ಜಿಲ್ಲಾ ಕ್ರೀಡಾಂಗಣ ಸಿಗುತ್ತಿತ್ತು.

ತೊಂದರೆ

ಪುಸ್ತಕದ ಪ್ರಕಾರ ಫುಟ್‌ಬಾಲ್ ಪಂದ್ಯ 90 ನಿಮಿಷ. ಆದರೆ ನಾವು ಆಡಿದ ಕಾಲೇಜು ಪಂದ್ಯಗಳಲ್ಲಿ ಅರ್ಧಕ್ಕೆ 35 ನಿಮಿಷದಂತೆ 70 ನಿಮಿಷ ಮಾತ್ರ. ಒಂದೇ ದಿನ ಒಂದೇ ಮೈದಾನದಲ್ಲಿ ನಾಲ್ಕೈದು ಪಂದ್ಯ ಮುಗಿಸಬೇಕಲ್ವಾ, ಅದಕ್ಕೆ.

ಆಗಸ್ಟ್‌ನಿಂದ ಸೆಪ್ಟೆಂಬರ್ ಮಧ್ಯದವರೆಗೆ ಐದು ಪಂದ್ಯ ಆಡಿದೆವು. ಕೆಲವು ಸ್ನೇಹಪಂದ್ಯ, ಕೆಲವು ಮೈಸೂರಿನ ಒಂದು ಆಹ್ವಾನಿತ ಟೂರ್ನಿಯವು. ಐದರಲ್ಲೂ ಸೋತೆವು. ಸೋಲಿನ ಬಗೆ ಮಾತ್ರ ವಿಚಿತ್ರವಾಗಿತ್ತು. ಎರಡು ಪಂದ್ಯದಲ್ಲಿ ನಾವೇ ಮುಂದಿದ್ದೆವು, ಒಂದರಲ್ಲಿ ಸಮ. ನೋಡನೋಡುತ್ತಿದ್ದಂತೆ ಕೊನೆಯಲ್ಲಿ ಎಲ್ಲ ಕುಸಿದು ಬೀಳುತ್ತಿತ್ತು.

ಮೈದಾನದ ಅಂಚಿನಲ್ಲಿ ನನಗೆ ಬೇರೆ ಕೆಲಸ ಇರಲಿಲ್ಲ. ಸುಮ್ನೆ ಕೂರುವ ಬದಲು ನೋಟ್‌ಬುಕ್ಕಿನಲ್ಲಿ ಗೋಲು ಬಿದ್ದ ನಿಮಿಷ ಬರೆದುಕೊಳ್ಳುತ್ತಿದ್ದೆ. ಐದು ಪಂದ್ಯದಲ್ಲಿ ನಮ್ಮ ಮೇಲೆ ಬಿದ್ದ ಗೋಲು 12. ಅದರಲ್ಲಿ 9 ಗೋಲು 55ನೇ ನಿಮಿಷದ ಆಚೆಗೆ ಬಿದ್ದಿದ್ದವು. ಅಂದರೆ 70 ನಿಮಿಷದಲ್ಲಿ ಕೊನೇ 15 ನಿಮಿಷ. ಪಿ.ಡಿ. ಸರ್‌ಗೆ ಪುಟ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ ಒಂದೇ ಮಾತು ಅಂದರು: “ದಮ್ಮಿಲ್ಲ ಕಣ್ರೀ ಇವಕ್ಕೆ.”

ನಾನೂ ತಲೆಯಾಡಿಸಿದೆ. ಕಬಡ್ಡಿ 20 ನಿಮಿಷದ ಎರಡು ಅರ್ಧ, ಒಂದು ರೇಡ್ 30 ಸೆಕೆಂಡ್. ಚುರುಕಾಗಿ ಒಮ್ಮೆ ನುಗ್ಗಿ ಬಂದರಾಯಿತು. ಫುಟ್‌ಬಾಲಿನಲ್ಲಿ ದೊಡ್ಡ ಆಟಗಾರರು 90 ನಿಮಿಷಕ್ಕೆ ಸುಮಾರು 10 ಕಿಲೋಮೀಟರ್ ಓಡುತ್ತಾರೆ. ಚಿಕ್ಕ ಮೈದಾನದಲ್ಲಿ ಏಳು ಜನರ ಆಟ ಆಡಿದವರಿಗೆ ಅಷ್ಟು ದಮ್ಮು ಎಲ್ಲಿಂದ ಬರಬೇಕು? ವಿವರಣೆ ಎಷ್ಟು ಸರಿಯಾಗಿ ಕೂತಿತೆಂದರೆ, ಇನ್ನೊಂದು ಕಾರಣ ಹುಡುಕುವ ಯೋಚನೆಯೇ ಬರಲಿಲ್ಲ.

ಮೊದಲ ಮದ್ದು, ಅದರ ಬೆಲೆ

ಸೋಮವಾರ, ಬುಧವಾರ, ಶುಕ್ರವಾರ ಬೆಳಗ್ಗೆ 6:30ಕ್ಕೆ ಹೆಚ್ಚುವರಿ ಓಟ ಅಂತ ತೀರ್ಮಾನ ಆಯಿತು. 400 ಮೀಟರ್ ಟ್ರ್ಯಾಕಿನಲ್ಲಿ 10 ಸುತ್ತು, ಆಮೇಲೆ ಗ್ಯಾಲರಿ ಮೆಟ್ಟಿಲು ಹತ್ತಿ ಇಳಿಯುವುದು, ಕೊನೆಗೆ ದಂಡ, ಬಸ್ಕಿ. ಲೇಟಾಗಿ ಬಂದವರಿಗೆ ಇನ್ನೆರಡು ಸುತ್ತು ಜಾಸ್ತಿ.

ಎಡಬ್ಯಾಕ್, ಅಂದರೆ ಡಿಫೆನ್ಸಿನ ಎಡಗಡೆ ಆಡುವ ಹುಡುಗ. ಅವನ ದಿನಚರಿ ನನಗೆ ಗೊತ್ತಾದದ್ದು ಬಹಳ ತಡವಾಗಿ. ಅವನ ಮನೆಯಲ್ಲಿ ಮೂರು ಹಸು. ಬೆಳಗ್ಗೆ ನಾಲ್ಕೂವರೆಗೆ ಎದ್ದು ಹಾಲು ಕರೆದು, ಡೈರಿಗೆ ಹಾಕುವ ಕೆಲಸ ತಂಗಿಗೆ ಒಪ್ಪಿಸಿ, 5:40ರ ಬಸ್ಸು ಹಿಡಿಯುತ್ತಿದ್ದ. ಎರಡು ವಾರದಲ್ಲಿ ನಾಲ್ಕು ಸಲ ತಡವಾಗಿ ಬಂದ. ನಾಲ್ಕು ಸಲವೂ ಹೆಚ್ಚುವರಿ ಎರಡು ಸುತ್ತು ಓಡಿದ. ಒಂದು ಮಾತೂ ಆಡಲಿಲ್ಲ.

ಮೂರನೇ ವಾರ ಮೆಟ್ಟಿಲು ಹತ್ತುವಾಗ ತೊಡೆಯ ಹಿಂಭಾಗ ಹಿಡಿದು ಕೂತುಬಿಟ್ಟ. ನಾವು ಬಾಮ್ ಹಚ್ಚಿ ಉಜ್ಜಿದೆವು. ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆಯ ಹಿಂದಿನ ಸ್ನಾಯು, ಹರಿದಾಗ ಮೊದಲ ದಿನ ಉಜ್ಜಬಾರದು, ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟು ಕಾಲಿಗೆ ವಿಶ್ರಾಂತಿ ಕೊಡಬೇಕು. ಅದನ್ನು ಮಾರನೇ ದಿನ ಫಿಸಿಯೋಥೆರಪಿಸ್ಟ್ ಹೇಳಿದರು. ಆರರಿಂದ ಎಂಟು ವಾರ ಬೇಕು ಅಂದರು. ಅಲ್ಲಿಗೆ ಅವನ ಸೀಸನ್ ಮುಗಿಯಿತು.

ಓಟದಿಂದ ಫಲ ಬಂತಾ? ಆ ಅವಧಿಯಲ್ಲಿ ಆಡಿದ ಎರಡು ಪಂದ್ಯದಲ್ಲಿ 5 ಗೋಲು ತಿಂದೆವು. 4 ಗೋಲು ಕೊನೇ 15 ನಿಮಿಷದಲ್ಲಿ. ನಿಜ ಹೇಳಬೇಕೆಂದರೆ ಮೊದಲಿಗಿಂತ ಹೀನಾಯ. ಐವರನ್ನು ಹಿಂದೆ ನಿಲ್ಲಿಸಿ ಆಡಿದ್ದೂ ಆಯಿತು. ಬಾಲ್ ನಮ್ಮ ಅಂಗಳದಲ್ಲೇ ಉಳಿದು ಇನ್ನೂ ಜಾಸ್ತಿ ಒತ್ತಡ ಬಿತ್ತು, ಅಷ್ಟೇ. “ಇನ್ನೂ ಐದು ಸುತ್ತು ಓಡಿಸ್ತೀನಿ” ಅಂದರು ಪಿ.ಡಿ. ಸರ್. ನಾನು ಬೇಡ ಅನ್ನಲಿಲ್ಲ. ಯಾಕೆಂದರೆ ಬೇರೆ ದಾರಿ ನನಗೂ ಕಾಣುತ್ತಿರಲಿಲ್ಲ.

ಹಬ್ಬದ ಮಾರನೇ ದಿನ

ಮಹಾಲಯ ಅಮಾವಾಸ್ಯೆ ಬಂತು. ಹಿರಿಯರಿಗೆ ಎಡೆ ಇಡುವ ಹಬ್ಬ. ನಮ್ಮ ಸೀಮೆಯಲ್ಲಿ ಆ ರಾತ್ರಿಯ ಊಟದ ಬಗ್ಗೆ ಹೇಳಬೇಕಿಲ್ಲ. ಮಾರನೇ ದಿನ ಮೈಸೂರಿನಿಂದ ಒಂದು ತಂಡ ಸ್ನೇಹಪಂದ್ಯಕ್ಕೆ ಬರುವುದಿತ್ತು. ಹುಡುಗರು ಹಬ್ಬದ ಊಟ ಬಾರಿಸಿ, ಬೆಳಗ್ಗೆ ಉಳಿದ ಸಾರನ್ನೂ ಬಿಡದೆ ಬಂದಿದ್ದರು. ಬಲಬ್ಯಾಕ್ ಅಂತೂ ಬಸ್ಸಲ್ಲೇ ತೂಕಡಿಸಿದ್ದನಂತೆ. ಪಿ.ಡಿ. ಸರ್ ಕೆಂಡಾಮಂಡಲ. “ಹೊಟ್ಟೆ ಬಿರಿಯ ತಿಂದು ಬಂದವ್ರೆ, ಇವತ್ತು ಅರ್ಧ ಡಜನ್ ಗ್ಯಾರಂಟಿ” ಅಂದರು.

ಪಂದ್ಯ 1–1ರಲ್ಲಿ ಮುಗಿಯಿತು. ಕೊನೇ 15 ನಿಮಿಷದಲ್ಲಿ ಗೋಲೇ ಬೀಳಲಿಲ್ಲ. 68ನೇ ನಿಮಿಷದಲ್ಲಿ ಬಲಬ್ಯಾಕ್ ಬಾಲ್ ಹಿಡಿದು ಎದುರಾಳಿ ಕಾರ್ನರ್‌ವರೆಗೂ ಓಡಿಹೋದ. ಅವನು ಆ ಹೊತ್ತಿಗೆ ಓಡುವುದನ್ನು ನಾನು ನೋಡಿರಲೇ ಇಲ್ಲ.

ಒಂದು ಪಂದ್ಯದಿಂದ ಏನೂ ತೀರ್ಮಾನಿಸಬಾರದು ಅಂತ ಕ್ಲಾಸಿನಲ್ಲಿ ಪಾಠ ಮಾಡುವವನೇ ನಾನು. ಆದರೂ ರಾತ್ರಿ ನಿದ್ದೆ ಬರಲಿಲ್ಲ. ಹಿಂದಿನ ಏಳು ಪಂದ್ಯಗಳ ಬೆಳಗ್ಗೆ ನೆನಪಿಸಿಕೊಂಡೆ. ಹೊರಗಿನ ಪಂದ್ಯ ಅಂದರೆ ಏಳು ಗಂಟೆಗೆ ಮಂಡ್ಯ ಬಸ್ ಸ್ಟ್ಯಾಂಡಿನಲ್ಲಿ ಸೇರುವುದು. ಶ್ರೀರಂಗಪಟ್ಟಣ ದಾಟಿ ಮೈಸೂರು ಸುಮಾರು 45 ಕಿಲೋಮೀಟರ್. ಪಂದ್ಯ 11ಕ್ಕೆ. ಹೊರಡುವ ಮುಂಚೆ ಪಿ.ಡಿ. ಸರ್ ತಪ್ಪದೆ ಕೇಳುತ್ತಿದ್ದರು: “ತಿಂಡಿ ಆಯ್ತೇನ್ರಲಾ?” ಎಲ್ಲರೂ ಒಂದೇ ದನಿಯಲ್ಲಿ: “ಆಯ್ತು ಸಾ.” ಆಮೇಲೆ ಅವರೇ ತಮ್ಮ ಜೇಬಿಂದ ಎಲ್ಲರಿಗೂ ಟೀ ಕೊಡಿಸುತ್ತಿದ್ದರು.

ನಮ್ಮಲ್ಲಿ “ಊಟ ಆಯ್ತಾ?” ಅನ್ನುವುದು ನಮಸ್ಕಾರ ಇದ್ದ ಹಾಗೆ. ಅದಕ್ಕೆ ಉತ್ತರ “ಆಯ್ತು” ಅಂತಲೇ. ಊಟ ಆಗಿಲ್ಲ ಅಂದರೆ ಎದುರಿನವರಿಗೆ ಬಡಿಸುವ ಹೊರೆ ಹೊರಿಸಿದಂತೆ. ಅದರಲ್ಲೂ ಮೇಷ್ಟ್ರು ಕೇಳಿದಾಗ, 17 ಜನ ಗೆಳೆಯರ ಎದುರಿಗೆ, “ಇಲ್ಲ ಸಾ, ಹಸಿವಾಗ್ತಿದೆ” ಅಂತ ಯಾವ ಹತ್ತೊಂಬತ್ತರ ಹುಡುಗ ಹೇಳುತ್ತಾನೆ? ಎಂಟು ವಾರ ನಾವು ಕ್ಷೇಮ ಸಮಾಚಾರ ಕೇಳಿ, ಅದನ್ನು ಮಾಹಿತಿ ಅಂತ ತಿಳಿದುಕೊಂಡಿದ್ದೆವು.

ಸೋಮವಾರ ಅಭ್ಯಾಸಕ್ಕೆ ಮುಂಚೆ 17 ಚೀಟಿ ಹಂಚಿದೆ. ಹೆಸರು ಬರೆಯಬೇಡಿ ಅಂದೆ. ಪ್ರಶ್ನೆ ಒಂದೇ: ಹೊರಗೆ ಪಂದ್ಯ ಇರುವ ದಿನ, ಹಿಂದಿನ ರಾತ್ರಿಯಿಂದ ಆಟ ಶುರುವಾಗುವವರೆಗೆ ಏನು ತಿನ್ನುತ್ತೀಯ, ಎಷ್ಟು ಗಂಟೆಗೆ?

11 ಚೀಟಿಯಲ್ಲಿ ರಾತ್ರಿ ಎಂಟರ ಊಟ ಆದಮೇಲೆ ಟೀ ಒಂದೇ, ಇಲ್ಲಾ ಟೀ ಜೊತೆ ಬನ್ನು ಅಥವಾ ಎರಡು ಬಿಸ್ಕತ್ತು. ರಾತ್ರಿ ಎಂಟರಿಂದ ಬೆಳಗ್ಗೆ ಹನ್ನೊಂದಕ್ಕೆ 15 ಗಂಟೆ. ಒಬ್ಬ ಬರೆದಿದ್ದ: “ನೀರು.”

ಯಾಕೆ ಹಾಗೆ

ಬಡತನ ಅಂತ ಮೊದಲು ಅಂದುಕೊಂಡೆ. ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿದಾಗ ಗೊತ್ತಾಯಿತು, ಹೆಚ್ಚಿನ ಮನೆಗಳಲ್ಲಿ ಅಕ್ಕಿ, ರಾಗಿ, ಹಾಲು ಎಲ್ಲ ಇತ್ತು. ಹೊತ್ತು ಹೊಂದುತ್ತಿರಲಿಲ್ಲ. ಹಳ್ಳಿಯಲ್ಲಿ ಬೆಳಗ್ಗೆ ಕೊಟ್ಟಿಗೆ, ಗದ್ದೆ ಕೆಲಸ ಮುಗಿಸಿ ಒಂಬತ್ತರ ಮೇಲೆ ಉಣ್ಣುತ್ತಾರೆ. ಐದೂವರೆಗೆ ಒಲೆ ಹೊತ್ತಿರುವುದಿಲ್ಲ. ಆಗಸ್ಟ್, ಸೆಪ್ಟೆಂಬರ್ ಬೇರೆ. ನಾಲೆಗೆ ನೀರು ಬಿಟ್ಟು ಭತ್ತದ ನಾಟಿ ನಡೆಯುವ ಕಾಲ. ಸ್ಟಾಪರ್, ಅಂದರೆ ಡಿಫೆನ್ಸಿನ ನಡುವೆ ಆಡುವ ಹುಡುಗ, ಹೇಳಿದ: “ಅವ್ವ ದಿನಾ ನಾಟಿಗೆ ಹೋಗಿ ಸುಸ್ತಾಗಿರ್ತದೆ. ಬಾಲ್ ಆಡಕ್ಕೆ ಅಂತ ನಾಕು ಗಂಟೆಗೆ ಎಬ್ಬಿಸಕ್ಕಾಯ್ತದಾ ಸಾ?”

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೈಸೂರಿನಲ್ಲಿ ಆಹಾರ ವಿಜ್ಞಾನ ಪಾಠ ಮಾಡುವ ಗೆಳತಿಯೊಬ್ಬರಿಗೆ ಫೋನ್ ಮಾಡಿದೆ. ಅವರು ಸರಳವಾಗಿ ಬಿಡಿಸಿ ಹೇಳಿದರು. ಓಡಲು ಬೇಕಾದ ಸಕ್ಕರೆಯನ್ನು ಮೈ ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ. ಒಂದು ಪಾಲು ಸ್ನಾಯುವಿನಲ್ಲಿ, ಒಂದು ಪಾಲು ಯಕೃತ್ತಿನಲ್ಲಿ. ರಾತ್ರಿಯಿಡೀ ಉಪವಾಸವಿದ್ದರೆ ಯಕೃತ್ತಿನ ಪಾಲು ಕರಗುತ್ತದೆ. ಆಟ ಶುರುವಾದಾಗ ಹುಡುಗ ಚೆನ್ನಾಗಿಯೇ ಓಡುತ್ತಾನೆ, ಯಾಕೆಂದರೆ ಸ್ನಾಯುವಿನಲ್ಲಿ ಇನ್ನೂ ಇದೆ. ಅದೂ ಇಳಿದಾಗ ಕಾಲು ಭಾರ. ಸ್ವೀಡನ್ನಿನ ಬೆಂಗ್ಟ್ ಸಾಲ್ಟಿನ್ ಎಂಬ ವಿಜ್ಞಾನಿ 1973ರಲ್ಲೇ ಇದನ್ನು ಫುಟ್‌ಬಾಲ್ ಆಟಗಾರರಲ್ಲಿ ತೋರಿಸಿದ್ದರಂತೆ. ಪಂದ್ಯಕ್ಕೆ ಮುಂಚೆ ತೊಡೆಯಲ್ಲಿ ಗ್ಲೈಕೋಜನ್ ಕಡಿಮೆ ಇದ್ದವರು ಕಡಿಮೆ ದೂರ ಓಡಿದರು, ಜಾಸ್ತಿ ಹೊತ್ತು ನಡೆದರು. ನಡೆದರು ಅನ್ನುವ ಮಾತು ಕೇಳಿದಾಗ ನನಗೆ ನಮ್ಮ ಡಿಫೆನ್ಸ್ ಕಣ್ಣಿಗೆ ಬಂತು.

“ಬೆಳಗ್ಗೆ ಓಡಿಸ್ತೀರಲ್ಲ, ಆಗಲೂ ಖಾಲಿ ಹೊಟ್ಟೇನಾ?” ಅಂತ ಅವರು ಕೇಳಿದರು. ಎಡಬ್ಯಾಕ್ ನೆನಪಾದ. ಅವನ ಕಾಲು ಹರಿದದ್ದಕ್ಕೆ ಹಸಿವೇ ಕಾರಣ ಅಂತ ಹೇಳಲಾರೆ. ನಿದ್ದೆ ಕಡಿಮೆ, ಒಮ್ಮೆಲೇ ಏರಿಸಿದ ಓಟ, ತಡವಾದದ್ದಕ್ಕೆ ಶಿಕ್ಷೆ, ಎಲ್ಲ ಸೇರಿತ್ತು. ಆದರೆ ಆ ಎಲ್ಲದಕ್ಕೂ ತಲೆಯಾಡಿಸಿದವನು ನಾನು.

ದುಡ್ಡು, ಬಿಲ್ಲು, ಮರ್ಯಾದೆ

ಊಟ ಕೊಡಬೇಕು ಅನ್ನುವುದು ಸುಲಭ. ದುಡ್ಡು ಎಲ್ಲಿಂದ? ಡಿ.ಎ., ಅಂದರೆ ದಿನಭತ್ಯೆ ಅಂತ ಒಂದಿದೆ, ನಿಜ. ಅದು ಪಂದ್ಯ ಮುಗಿದು, ವೋಚರ್‌ಗೆ ಸಹಿಯಾಗಿ, ತಿಂಗಳಾದ ಮೇಲೆ ಕೈಗೆ ಬರುವ ದುಡ್ಡು. ಹಸಿವು ಬೆಳಗ್ಗೆ ಏಳಕ್ಕೇ ಬರುತ್ತದೆ. ಆಫೀಸಿನಲ್ಲಿ ಮುಂಗಡ ಕೇಳಿದರೆ ಜಿ.ಎಸ್.ಟಿ. ಬಿಲ್ಲು ಬೇಕು ಅಂದರು. ಕಾಲೇಜಿನ ಹಿಂದಿನ ಗಲ್ಲಿಯಲ್ಲಿ ಮೆಸ್ಸು ನಡೆಸುವ ಅಮ್ಮನ ಹತ್ತಿರ ಇರುವುದು ಒಂದು ಬರೆಯುವ ಪುಸ್ತಕ, ಒಂದು ಪೆನ್ಸಿಲ್ಲು.

ಆಗ ಮೇಜಿನ ಮೇಲಿದ್ದದ್ದು ಎರಡನೇ ಸೆಟ್ ಜರ್ಸಿಯ ಆರ್ಡರ್. ಅದನ್ನು ರದ್ದು ಮಾಡೋಣ ಅಂದೆ. ಕ್ಯಾಪ್ಟನ್‌ಗೆ ಅಳುವೇ ಬಂತು. ಬಿಳಿ ಜರ್ಸಿ, ಬೆನ್ನ ಮೇಲೆ ಹೆಸರು, ಅವನೇ ಡಿಸೈನ್ ಮಾಡಿಸಿದ್ದ. ಪಿ.ಡಿ. ಸರ್ ಎರಡು ದಿನ ಯೋಚಿಸಿ ಒಪ್ಪಿದರು. ಮೆಸ್ಸಿನ ಅಮ್ಮ ಕೈಬರಹದ ರಸೀತಿ ಕೊಟ್ಟರೆ ಸಾಕು ಅಂತ ಪ್ರಾಂಶುಪಾಲರು ಒಂದು ಟಿಪ್ಪಣಿ ಬರೆದುಕೊಟ್ಟರು. ಉಳಿದದ್ದಕ್ಕೆ ಸ್ಟಾಫ್ ರೂಮಿನಲ್ಲಿ ಡಬ್ಬಿ ಇಟ್ಟೆವು. ಎರಡನೇ ಸೆಟ್ ಇಲ್ಲದ್ದರಿಂದ ಮುಂದೆ ಒಂದು ಪಂದ್ಯದಲ್ಲಿ ಬಣ್ಣ ಒಂದೇ ಆಗಿ, ನಮ್ಮ ಹುಡುಗರು ಅಭ್ಯಾಸದಲ್ಲಿ ಅಂಗಿ ಮೇಲೆ ಹಾಕುವ ತೋಳಿಲ್ಲದ ಮಾಸಿದ ಬಿಬ್ ತೊಟ್ಟು ಆಡಬೇಕಾಯಿತು. ಗ್ಯಾಲರಿಯಲ್ಲಿ ನಕ್ಕರು. ಕ್ಯಾಪ್ಟನ್ ಆ ದಿನ ನನ್ನ ಮುಖ ನೋಡಲಿಲ್ಲ.

ಇನ್ನೊಂದು ತೀರ್ಮಾನ ದುಡ್ಡಿಗಿಂತ ಮುಖ್ಯವಾಗಿತ್ತು. ಹಳ್ಳಿಯಿಂದ ಬರುವ ಹುಡುಗರಿಗೆ ಮಾತ್ರ ತಿಂಡಿ ಅಂತ ಒಬ್ಬರು ಸಲಹೆ ಕೊಟ್ಟರು. ಖರ್ಚು ಉಳಿಯುತ್ತದಂತೆ. ಪಿ.ಡಿ. ಸರ್ ಒಪ್ಪಲೇ ಇಲ್ಲ. “ಒಂದೇ ಪಂಕ್ತಿ. ಮನೇಲಿ ತಿಂದವನೂ ಕೂತ್ಕೋಬೇಕು, ನಾನೂ ಕೂತ್ಕೋತೀನಿ” ಅಂದರು. ಈ ಇಡೀ ಪ್ರಕರಣದಲ್ಲಿ ಅತ್ಯಂತ ಸರಿಯಾದ ತೀರ್ಮಾನ ಅದು, ಮತ್ತು ಅದು ನನ್ನದಲ್ಲ.

ಮುದ್ದೆಯ ಎಡವಟ್ಟು

ವಿಜಯದಶಮಿ ಕಳೆದ ವಾರ ಒಂದು ಸ್ನೇಹಪಂದ್ಯ. ಮೊದಲ ಪಂಕ್ತಿ. ಮೆನು ಪಿ.ಡಿ. ಸರ್‌ದು: ರಾಗಿ ಮುದ್ದೆ, ಸೊಪ್ಪಿನ ಸಾರು. “ಹಿಟ್ಟಂ ತಿಂದಂ ಬೆಟ್ಟವಂ ಕಿತ್ತಿಟ್ಟಂ” ಅಂತ ಗಾದೆ ಬೇರೆ ಹೇಳಿದರು. ಮೆಸ್ಸಿನಲ್ಲಿ ತಡವಾಗಿ, ಪಂದ್ಯಕ್ಕೆ ಮುಕ್ಕಾಲು ಗಂಟೆ ಇರುವಾಗ ಉಂಡರು. ಅರ್ಧ ಸಮಯಕ್ಕೆ ಕೀಪರ್ ಕಂಬದ ಹಿಂದೆ ಹೋಗಿ ಎಲ್ಲ ಕಕ್ಕಿದ. ಇಬ್ಬರಿಗೆ ಹೊಟ್ಟೆ ಹಿಡಿಯಿತು. 0–3.

ಅಲ್ಲಿಗೇ ಈ ಪ್ರಯೋಗ ನಿಲ್ಲುತ್ತಿತ್ತು. “ಮೊದಲೇ ಹೇಳಿದ್ನಲ್ಲ” ಅನ್ನುವವರು ಸ್ಟಾಫ್ ರೂಮಿನಲ್ಲಿ ಕಡಿಮೆಯೇನಿರಲಿಲ್ಲ. ನೋಟ್‌ಬುಕ್ ಕೈ ಹಿಡಿಯಿತು. ಮೂರೂ ಗೋಲು 20ರಿಂದ 45ನೇ ನಿಮಿಷದ ಒಳಗೆ ಬಿದ್ದಿದ್ದವು. ಕೊನೇ 15 ನಿಮಿಷ ಖಾಲಿ. ತಪ್ಪಿದ್ದು ಹೊತ್ತು ಅಂತ ಪಿ.ಡಿ. ಸರ್‌ಗೆ ತೋರಿಸಿದೆ. ಅವರು ಮುದ್ದೆಯ ಪರವಾಗಿ ಸ್ವಲ್ಪ ವಾದ ಮಾಡಿದರು. ಕೊನೆಗೆ ರಾಜಿ ಆಯಿತು. ಮುದ್ದೆ ಹಿಂದಿನ ರಾತ್ರಿ ಮನೆಯಲ್ಲಿ. ಪಂದ್ಯದ ದಿನ ಮೂರು ಗಂಟೆ ಮುಂಚೆ ಇಡ್ಲಿ ಅಥವಾ ಅನ್ನ ಸಾರು. ಹೊರಗಿನ ಪಂದ್ಯಕ್ಕೆ ಹೋಗುವಾಗ ಇಡ್ಲಿಯನ್ನು ಬುತ್ತಿ ಕಟ್ಟಿಸಿಕೊಂಡು ಬಸ್ಸಿನಲ್ಲೇ. ಅರ್ಧ ಸಮಯಕ್ಕೆ ಬಾಳೆಹಣ್ಣು, ಒಂದು ತುಂಡು ಬೆಲ್ಲ, ಉಪ್ಪು ಸಕ್ಕರೆ ಹಾಕಿದ ನಿಂಬೆ ಷರಬತ್ತು. ಕಬ್ಬಿನ ಸೀಮೆಯಲ್ಲಿ ಬೆಲ್ಲಕ್ಕೇನು ಬರ? ಬಲಬ್ಯಾಕ್ ತನ್ನ ಮಾವನ ಆಲೆಮನೆಯಿಂದ ಒಂದು ಅಚ್ಚು ತಂದುಕೊಟ್ಟ. ಬೆಳಗಿನ ಓಟ ನಿಂತಿತು. ಬದಲಿಗೆ ಸಂಜೆ ದೊಡ್ಡ ಮೈದಾನದಲ್ಲಿ ಹನ್ನೊಂದು ಜನರ ಆಟ, ವಾರಕ್ಕೆ ಎರಡು ಸಲ.

ಏನಾಯಿತು

ಅಂತರಕಾಲೇಜು ಟೂರ್ನಿಯಲ್ಲಿ ನಾಲ್ಕು ಪಂದ್ಯ ಆಡಿದೆವು. ಮೊದಲನೆಯದು 2–1 ಗೆಲುವು. ಎರಡನೆಯದು 1–1, ಅದರಲ್ಲಿ 61ನೇ ನಿಮಿಷದಲ್ಲಿ ಗೋಲು ತಿಂದೆವು. ಕ್ವಾರ್ಟರ್ ಫೈನಲ್‌ನಲ್ಲಿ 66ನೇ ನಿಮಿಷದ ಗೋಲಿನಿಂದ 2–1. ಆ ಗೋಲು ಹೊಡೆದದ್ದು ಸ್ಟಾಪರ್. ನಾಟಿಗೆ ಹೋಗುವ ಅವ್ವನ ಮಗ. ಸೆಮಿಫೈನಲ್‌ನಲ್ಲಿ 0–1. ಆ ಗೋಲು ಬಿದ್ದದ್ದು 12ನೇ ನಿಮಿಷದಲ್ಲಿ, ಕಾರ್ನರ್‌ನಿಂದ. ಯಾರೂ ಕಾಯದೆ ಬಿಟ್ಟಿದ್ದ ಎದುರಾಳಿ ಹುಡುಗ ಬಾಲಿಗೆ ತಲೆ ಕೊಟ್ಟ. ಅದು ಶುದ್ಧ ಫುಟ್‌ಬಾಲ್ ತಪ್ಪು. ಇಡ್ಲಿ ಅದಕ್ಕೆ ಏನೂ ಮಾಡಲಾರದು. ಕೊನೇ 15 ನಿಮಿಷ ಪೂರ್ತಿ ಬಾಲ್ ಅವರ ಅಂಗಳದಲ್ಲೇ ಇತ್ತು. ಗೋಲು ಬರಲಿಲ್ಲ.

ನಾಲ್ಕು ಪಂದ್ಯದಲ್ಲಿ ನಮ್ಮ ಮೇಲೆ ಬಿದ್ದದ್ದು 4 ಗೋಲು, ಅದರಲ್ಲಿ ಕೊನೇ 15 ನಿಮಿಷದ್ದು 1. ಇಷ್ಟಕ್ಕೂ ಊಟವೇ ಕಾರಣ ಅಂತ ನಾನು ಹೇಳುವುದಿಲ್ಲ. ಎದುರಾಳಿಗಳು ಬೇರೆ. ಹುಡುಗರು ಎರಡು ತಿಂಗಳು ಜೊತೆಗೆ ಆಡಿ ಪಳಗಿದ್ದರು. ದೊಡ್ಡ ಮೈದಾನದ ಅಭ್ಯಾಸ ಶುರುವಾಗಿತ್ತು. ಮಳೆ ಹನಿದು ಬಿಸಿಲೂ ತಗ್ಗಿತ್ತು. ಆದರೆ ಅದೇ ಹುಡುಗರಿಗೆ “ದಮ್ಮಿಲ್ಲ” ಅಂದಿದ್ದೆವಲ್ಲ, ಆ ಮಾತಂತೂ ಸುಳ್ಳಾಗಿತ್ತು.

ಬೇರೆ ಕಾಲೇಜಿನವರು ಈ ಪ್ರಕರಣದಿಂದ ಏನಾದರೂ ಎತ್ತಿಕೊಳ್ಳುವುದಿದ್ದರೆ, ಮೆನುವಿಗಿಂತ ಪ್ರಶ್ನೆಯನ್ನು ಎತ್ತಿಕೊಳ್ಳಲಿ ಅನ್ನಿಸುತ್ತದೆ. “ಆಯ್ತಾ” ಅಂತ ಕೇಳಿದರೆ “ಆಯ್ತು” ಸಿಗುತ್ತದೆ. ಏನು, ಎಷ್ಟು ಹೊತ್ತಿಗೆ ಅಂತ ಕೇಳಬೇಕು, ಅದೂ ಗುಂಪಿನ ಎದುರು ಅಲ್ಲ. ಗೋಲಿನ ನಿಮಿಷ ಬರೆದಿಡಲು ಖರ್ಚಿಲ್ಲ. ಆದರೆ ನನ್ನ ನೋಟ್‌ಬುಕ್ ತೋರಿಸಿದ್ದು ಯಾವಾಗ ಅನ್ನುವುದನ್ನು ಮಾತ್ರ. ಯಾಕೆ ಅನ್ನುವುದನ್ನು ನಾವು ಊಹೆಯಿಂದ ತುಂಬಿಕೊಂಡೆವು. ಊಹೆಗೆ ತಕ್ಕ ಮದ್ದನ್ನು ಹುಡುಗರ ಕಾಲಿನ ಮೇಲೆ ಪರೀಕ್ಷೆ ಮಾಡಿದೆವು. ಎಡಬ್ಯಾಕ್ ಮತ್ತೆ ತಂಡಕ್ಕೆ ಬರಲಿಲ್ಲ. ಕರೆದೆ. “ಹಸ ನೋಡ್ಕೊಳೋರಿಲ್ಲ ಬುಡಿ ಸಾ” ಅಂದ. ಕಾಲಿನ ಮಾತು ಎತ್ತಲೇ ಇಲ್ಲ.

ಸೀಸನ್ ಮುಗಿದ ಮೇಲೆ ಸ್ಟಾಫ್ ಮೀಟಿಂಗಿನಲ್ಲಿ ಇದನ್ನೆಲ್ಲ ಹೇಳಿದೆ. ಚಪ್ಪಾಳೆ ತಟ್ಟಿದರು. ಹುಡುಗಿಯರ ಥ್ರೋಬಾಲ್ ತಂಡದ ಜೊತೆ ಹೋಗುವ ಕನ್ನಡ ಮೇಡಂ ಮಾತ್ರ ಕೇಳಿದರು: “ನಮ್ಮ ಹುಡುಗೀರನ್ನ ಕೇಳಿದ್ರಾ ಸರ್?” ಕೇಳಿರಲಿಲ್ಲ. ಮಾರನೇ ದಿನ ಅವರೇ 12 ಚೀಟಿ ಹಂಚಿ, ತುಂಬಿಸಿ, ನನ್ನ ಮೇಜಿನ ಮೇಲೆ ಇಟ್ಟುಹೋದರು. 9ರಲ್ಲಿ ಟೀ ಒಂದೇ ಇತ್ತು.